ಬಿರುಕಿನ ಮೇಲಿನ ಗಾಜು

ಆ ಬೆಳಗ್ಗೆ ಮಂಜು ಮನೆಯೊಳಕ್ಕೇ ಬಂದುಬಿಟ್ಟಿತ್ತು. ಅಡುಗೆಮನೆಯ ಕಿಟಕಿಗೆ ಇನ್ನೂ ಕದ ಕೂರಿಸಿರಲಿಲ್ಲ, ಒಂದು ಗೋಣಿತಾಟು ಇಳಿಬಿಟ್ಟಿದ್ದರು. ಅದರ ಅಂಚಿನಿಂದ ಮಂಜು ಹೇಳದೆ ಕೇಳದೆ ಬಂದ ನೆಂಟನ ಹಾಗೆ ನುಸುಳಿ, ಒಲೆಯ ಮುಂದೆ ಒಂದಿಷ್ಟು ನಿಂತು, ನಡುಮನೆಯತ್ತ ನಡೆದಿತ್ತು. ಹಿತ್ತಿಲ ಕಡೆ ಅರ್ಧ ಮಾಡಿಗೆ ಹೊದಿಸಿದ್ದ ನೀಲಿ ಟಾರ್ಪಾಲಿನಿಂದ ಹನಿ ತೊಟ್ಟಿಕ್ಕುತ್ತಿತ್ತು. ಒಂದು ಹನಿಗೂ ಇನ್ನೊಂದು ಹನಿಗೂ ನಡುವೆ ಅಜ್ಜಿ ಉಸಿರು ಹಿಡಿದು ಕಿವಿಗೊಡುತ್ತಿದ್ದಳು, ಹನಿಯದಲ್ಲದ ಬೇರೆ ಸದ್ದೇನಾದರೂ ಕೇಳೀತೇ ಎಂದು.

ಈ ಮನೆಗೆ ಬಂದು ಅಂದಿಗೆ ಹನ್ನೊಂದು ದಿನವಾಗಿತ್ತು. ಕೊಂಡಿದ್ದು ಹಳೆಯ ಮನೆ. ಎಷ್ಟು ಹಳೆಯದೆಂದರೆ, ಅದನ್ನು ಕಟ್ಟಿಸಿದವರು ಯಾರೆಂದು ಮಾರಿದವನಿಗೂ ಗೊತ್ತಿರಲಿಲ್ಲ. ರಿಪೇರಿ ಮುಗಿದ ಮೇಲೆ ಬರುವುದೆಂದು ಮಾತಾಗಿತ್ತು. ಅಷ್ಟರಲ್ಲಿ ಬಾಡಿಗೆ ಮನೆಯ ಯಜಮಾನ ತನ್ನ ಮಗಳಿಗೇ ಮನೆ ಬೇಕೆಂದ. ಹಾಗಾಗಿ ಮಂಚ, ಪಾತ್ರೆ, ಪೆಟ್ಟಿಗೆ, ನಾಲ್ಕು ಜೀವ ಎಲ್ಲವೂ ಸುಣ್ಣದ ಗುಡ್ಡೆ ಮರಳಿನ ಗುಡ್ಡೆಗಳ ನಡುವೆ ದಾರಿ ಮಾಡಿಕೊಂಡು ಒಳಗೆ ಬಂದವು. ಮುಂದಿನ ಕೋಣೆ ಮಗ ಸೊಸೆಗೆ. ನಡುಮನೆ ಅಜ್ಜಿಗೆ ಮತ್ತು ಆರು ವರ್ಷದ ಮೊಮ್ಮಗಳಿಗೆ. ಆ ಮಗುವನ್ನು ಎಲ್ಲರೂ ಸಾಸಿವೆ ಎನ್ನುತ್ತಿದ್ದರು. ಗಾತ್ರವೂ ಅಷ್ಟೆ, ಸಿಡಿಯುವುದೂ ಹಾಗೆಯೇ.

ಬಿರುಕು ಇದ್ದದ್ದು ನಡುಮನೆಯ ಹಿಂಗೋಡೆಯಲ್ಲಿ. ತೊಲೆಯ ಬುಡದಿಂದ ಹೊರಟು, ಅತ್ತ ಮಗುವಿನ ಕೆನ್ನೆಯ ಗೆರೆಯಂತೆ ವಾರೆಯಾಗಿ ಇಳಿದು, ಮಂಚದ ತಲೆದಿಂಬಿಗೆ ಒಂದು ಮೊಳ ಮೇಲೆ ನಿಂತಿತ್ತು. ಬಂದ ದಿನವೇ ಮೇಸ್ತ್ರಿ ಅದರ ಮೇಲೆ ಬೆರಳುದ್ದದ ತೆಳು ಗಾಜಿನ ಪಟ್ಟಿಯೊಂದನ್ನು ಅಡ್ಡಲಾಗಿ ಇಟ್ಟು, ಎರಡು ತುದಿಗೂ ಪ್ಲಾಸ್ಟರ್ ಮೆತ್ತಿದ್ದ.

"ಇದೇನು ಮೇಸ್ತ್ರಿ, ಗೋಡೆಗೂ ಕನ್ನಡಕ ಬಂತಾ?" ಎಂದು ಮಗ ನಕ್ಕಿದ್ದ.

"ಗೋಡೆ ಬಾಯಿಬಿಟ್ಟು ಹೇಳಲ್ಲ ಸ್ವಾಮಿ. ಈ ಗಾಜು ಹೇಳುತ್ತೆ. ಗೋಡೆ ನಿಂತಲ್ಲಿ ನಿಂತಿದ್ರೆ ಗಾಜು ಹೀಗೇ ಇರುತ್ತೆ. ಕೂದಲೆಳೆಯಷ್ಟು ಸರಿದ್ರೂ ಒಡೆಯುತ್ತೆ. ಒಡೆದ ದಿನ ನನಗೆ ಹೇಳಿಕಳಿಸಿ. ಆಮೇಲೆ ಈ ಕೋಣೇಲಿ ಯಾರೂ ಮಲಗಬಾರದು."

ಹಾಗೆಂದು ಕಿವಿಯ ಸಂದಿನಿಂದ ಚಪ್ಪಟೆ ಪೆನ್ಸಿಲನ್ನು ತೆಗೆದು ಹಸಿ ಪ್ಲಾಸ್ಟರಿನ ಮೇಲೆ ಆ ದಿನದ ತಾರೀಖು ಬರೆದ. ಏಳನೆಯ ತಾರೀಖು. ಏಳರ ನಡುವೆ ಒಂದು ಗೀಟು ಎಳೆಯುವುದು ಅವನ ರೂಢಿ. ಆಮೇಲೆ ಆ ಪೆನ್ಸಿಲನ್ನು ಅಜ್ಜಿಯ ಕೈಗೆ ಕೊಟ್ಟ.

"ಹಗಲೆಲ್ಲ ಮನೇಲಿರೋರು ನೀವೇ ಅಲ್ವಾ ಅಮ್ಮಾ. ದಿನಾ ಬೆಳಗ್ಗೆ ನೋಡಿ, ಸರಿ ಇದ್ರೆ ಪಕ್ಕದಲ್ಲಿ ಗೋಡೆ ಮೇಲೆ ಒಂದು ಗೀಟು ಹಾಕಿ. ಕೆಲಸ ಮುಗಿದ ದಿನ ಪೆನ್ಸಿಲ್ ವಾಪಸ್ ಕೊಡಬೇಕು ಮತ್ತೆ. ಕೈಗೆ ಒಗ್ಗಿದ್ದು ಅದೊಂದೇ."

ಹೊರಡುವಾಗ ತಿರುಗಿ ನಿಂತು ಇನ್ನೊಂದು ಮಾತು ಹೇಳಿದ್ದ. "ಹೊಸ ಮೋರಿ ಆಗೋವರೆಗೆ ಹಿತ್ತಿಲ ಕಡೆಯಿಂದ ಈ ಗೋಡೆ ಬುಡಕ್ಕೆ ಒಂದು ಚೊಂಬು ನೀರೂ ಬೀಳಬಾರದು. ಬಳಸಿದ ನೀರು ಬೀದಿ ಚರಂಡಿಗೆ ಹೊತ್ತು ಹಾಕಿ. ಕಷ್ಟ, ಗೊತ್ತು. ಆದ್ರೂ."

ಸೊಸೆ ಔಷಧಿ ಅಂಗಡಿಯಲ್ಲಿ ಕೆಲಸಕ್ಕಿದ್ದಳು. ಡಾಕ್ಟರುಗಳ ಕೋಳಿಕಾಲಿನ ಅಕ್ಷರವನ್ನು ದಿನವಿಡೀ ಓದಿ ಓದಿ ಅವಳ ಕಣ್ಣು ಹದವಾಗಿತ್ತು, ನಾಲಿಗೆಯೂ ಅಳೆದು ಕೊಡುವ ಔಷಧಿಯ ಹಾಗೆ. ಮೇಸ್ತ್ರಿ ಹೋದ ಮೇಲೆ ಗಂಡನಿಗೆ ಹೇಳಿದಳು.

"ಕೇಳಿಸ್ಕೊಂಡ್ರಲ್ಲ? ಆ ಗಾಜು ಒಡೆದ ದಿನ ನಾನು ಮಗು ಕರ್ಕೊಂಡು ಅಮ್ಮನ ಮನೆಗೆ ಹೋಗ್ತೀನಿ. ಆಮೇಲೆ ಕರೆಯೋಕೆ ಬರಬೇಡಿ."

"ಹೋಗೋದು ಬಿಟ್ಟು ಬೇರೆ ಮಾತೇ ಬರಲ್ವಾ ನಿನಗೆ?"

"ಬೇರೆ ಮಾತು ಮನೆ ಕೊಳ್ಳೋ ಮುಂಚೆ ಆಡಿದ್ದೆ. ಆಗ ನೀವು ಕೇಳ್ಲಿಲ್ಲ."

ಅದು ಬಾಯಿಮಾತಿನ ಬೆದರಿಕೆಯಲ್ಲವೆಂದು ಅಜ್ಜಿಗೆ ಗೊತ್ತಿತ್ತು. ಈ ಮನೆ ಕೊಳ್ಳುವ ಜಗಳದಲ್ಲೇ ಹೋದ ವರ್ಷ ಸೊಸೆ ನಾಲ್ಕು ತಿಂಗಳು ತವರಿಗೆ ಹೋಗಿದ್ದಳು. ಆ ನಾಲ್ಕು ತಿಂಗಳೂ ಅಜ್ಜಿ ಕೈ ತಪ್ಪಿ ನಾಲ್ವರಿಗೆ ಅನ್ನ ಮಾಡುತ್ತಿದ್ದಳು. ಉಣ್ಣುವವರು ಇಬ್ಬರು. ಬಾಗಿಲ ಬಳಿ ಸಾಸಿವೆಯ ಒಂದು ಜೊತೆ ಚಪ್ಪಲಿ ಹಾಗೇ ಉಳಿದಿತ್ತು. ಗುಡಿಸುವಾಗ ಅಜ್ಜಿ ಅದನ್ನು ಎತ್ತಿ, ಗುಡಿಸಿ, ಮತ್ತೆ ಅಲ್ಲೇ ಇಡುತ್ತಿದ್ದಳು. ಮಗು ಬಂದಾಗ ಚಪ್ಪಲಿ ಕಾಲಿಗೆ ಹಿಡಿಸದೇ ಹೋಗಿತ್ತು.

ಹೀಗೆ ಅಜ್ಜಿ ದಿನಾ ಬೆಳಗ್ಗೆ ಎದ್ದು, ಕಣ್ಣುಮುಚ್ಚಿ ದೇವರನ್ನು ನೆನೆದು, ಕಣ್ಣು ತೆರೆದು ಮೊದಲು ನೋಡುತ್ತಿದ್ದದ್ದು ಗಾಜನ್ನು. ಹತ್ತು ಗೀಟುಗಳಾಗಿದ್ದವು. ಆ ಮಂಜಿನ ಬೆಳಗ್ಗೆ ಹನ್ನೊಂದನೆಯದನ್ನೂ ಎಳೆದಳು.

"ಅಮ್ಮಾ, ನನ್ನ ಡಬ್ಬಿ ಆಯ್ತಾ?" ಮಗ ಹಿತ್ತಿಲಿನಿಂದಲೇ ಕೂಗಿದ. ಅವನು ಬಸ್ ಡಿಪೋದಲ್ಲಿ ಮೆಕ್ಯಾನಿಕ್. ಅವನ ಮೈಯ ಗ್ರೀಸು ಹೋಗಬೇಕಾದರೆ ಬೆಳಗ್ಗೆ ಒಂದು, ಸಂಜೆ ಒಂದು ಸ್ನಾನ ಬೇಕು.

"ಆಗಿದೆಯಪ್ಪ. ಆಲೂಗಡ್ಡೆ ಪಲ್ಯ, ರೊಟ್ಟಿ."

"ಮತ್ತೆ ಆಲೂಗಡ್ಡೆನಾ? ಮೂರು ದಿನದಿಂದ ಅದೇ."

"ಸುಣ್ಣದ ಮೂಟೆ ಬೇಕಾದ್ರೆ ಇದೆ, ಹುರಿದು ಹಾಕ್ಲಾ?"

ಸಾಸಿವೆ ಹಾಲಿನ ಲೋಟದೊಳಗೇ ನಕ್ಕು, ಹಾಲು ಮೂಗಿಗೇರಿ, ಅಮ್ಮನಿಂದ ಒಂದು ಗುದ್ದು ತಿಂದಳು. ಎಂಟೂವರೆಗೆಲ್ಲ ಮೂವರೂ ಹೊರಟರು. ಬಾಗಿಲು ಹಾಕಿದ ಕೂಡಲೇ ಮನೆ ದೊಡ್ಡದಾಯಿತು. ಖಾಲಿಯಾದಾಗ ಹಳೆಯ ಮನೆ ಮೈಮುರಿಯುತ್ತದೆ. ಎಲ್ಲೋ ಮರ ಕಿರ್ರೆನ್ನುತ್ತದೆ, ಎಲ್ಲೋ ಒಂದು ಚಿಟಿಕೆ ಮಣ್ಣು ಉದುರುತ್ತದೆ. ಅದು ಯಾವುದೂ ಬೇಡವೆಂದು ಅಜ್ಜಿ ಕೈಗೆ ಕೆಲಸ ಹಚ್ಚಿಕೊಳ್ಳುತ್ತಿದ್ದಳು.

ಅಂದು ಉದ್ದ ಕೋಲಿಗೆ ಪೊರಕೆ ಕಟ್ಟಿ ತೊಲೆಯ ಜೇಡರಬಲೆ ತೆಗೆಯಲು ಹೊರಟಳು. ಎರಡು ಸಲ ಎಳೆದಳು. ಮೂರನೆಯ ಸಲ ಕೋಲು ಜಾರಿ ಗೋಡೆಗೆ ಒರಗಿತು. ಟಕ್ ಎಂದಿತೇ? ಎಂದಿತು ಅನ್ನಿಸಿತು. ಹತ್ತಿರ ಹೋಗಿ ನೋಡಿದಳು. ಗಾಜು ನಡುಮಧ್ಯೆ ಎರಡಾಗಿತ್ತು.

ಅಜ್ಜಿ ಕೋಲನ್ನು ನೆಲಕ್ಕಿಟ್ಟಳು. ಮಂಚದ ಅಂಚಿಗೆ ಕೂತಳು.

ಒಡೆದದ್ದು ಗೋಡೆಯಿಂದಲ್ಲ, ನನ್ನ ಪೊರಕೆಯಿಂದ. ಹಾಗಂತ ಹೇಳಿದರೆ ನಂಬುವರಾರು? ಸೊಸೆ ಸಂಜೆ ಆರಕ್ಕೆ ಬರುತ್ತಾಳೆ, ನೋಡುತ್ತಾಳೆ, ಅಟ್ಟದಿಂದ ಚೀಲ ಇಳಿಸುತ್ತಾಳೆ. ನಾನು ಪೊರಕೆ ಅನ್ನುತ್ತೇನೆ. ಮಗನ ಪರ ವಹಿಸಿ ಹೇಳುತ್ತಿದ್ದಾರೆ ಅನ್ನುತ್ತಾಳೆ. ಮಗ ದನಿ ಏರಿಸುತ್ತಾನೆ. ಬಾಗಿಲ ಬಳಿ ಮತ್ತೊಂದು ಜೊತೆ ಚಪ್ಪಲಿ ಉಳಿಯುತ್ತದೆ.

ಮೇಸ್ತ್ರಿ ಆ ವಾರ ಇರಲಿಲ್ಲ. ಸುಡುವ ಗೂಡಿನಿಂದ ಹೊಸ ಸುಣ್ಣ ಬರುವವರೆಗೆಂದು ನಾಲ್ಕು ಬೀದಿಯಾಚೆ ಒಂದು ಶಾಲೆಯ ಕೆಲಸಕ್ಕೆ ಹೋಗಿದ್ದ. ಅವನ ಸಾಮಾನಿನ ಡಬ್ಬಿ ಮಾತ್ರ ಅಟ್ಟದ ಮೆಟ್ಟಿಲ ಕೆಳಗಿತ್ತು. ಅಜ್ಜಿ ಅದನ್ನು ತೆರೆದಳು. ಕಾಗದದಲ್ಲಿ ಸುತ್ತಿದ ಗಾಜಿನ ಪಟ್ಟಿಗಳು ನಾಲ್ಕು. ಪಕ್ಕದಲ್ಲಿ ಪ್ಲಾಸ್ಟರ್ ಪುಡಿಯ ಪೊಟ್ಟಣ.

ಮದುವೆಯಾದಂದಿನಿಂದ ಗಂಡ ಸಾಯುವವರೆಗೂ, ಆಮೇಲೂ ಹತ್ತು ವರ್ಷ, ಅಜ್ಜಿ ಒಂದು ಹಾಸ್ಟೆಲಿನಲ್ಲಿ ಅಡುಗೆ ಮಾಡಿದವಳು. ನೂರಿಪ್ಪತ್ತು ಜನಕ್ಕೆ ಹಿಟ್ಟು ನಾದಿದ ಕೈಗೆ ಒಂದು ಹಿಡಿ ಪುಡಿ ಕಲೆಸುವುದು ಕಷ್ಟವೇ? ಹಳೆಯ ಪ್ಲಾಸ್ಟರನ್ನು ಚಮಚದ ಹಿಡಿಯಿಂದ ಮೀಟಿ ತೆಗೆದಳು. ಹೊಸ ಗಾಜಿಟ್ಟಳು, ಮೆತ್ತಿದಳು, ಒದ್ದೆ ಬೆರಳಿನಿಂದ ನಯ ಮಾಡಿದಳು. ಪೆನ್ಸಿಲ್ ಹಿಡಿದು ಅದೇ ಏಳನೆಯ ತಾರೀಖು ಬರೆದಳು, ಏಳರ ನಡುವಿನ ಗೀಟನ್ನೂ ಮರೆಯದೆ. ಒಡೆದ ಎರಡು ತುಂಡುಗಳನ್ನು ಹಳೆಯ ಬಟ್ಟೆಯಲ್ಲಿ ಸುತ್ತಿ ಅಕ್ಕಿಡಬ್ಬಿಯ ತಳಕ್ಕೆ ಒತ್ತಿದಳು.

"ದೇವರೇ," ಎಂದಳು ಕೈ ತೊಳೆಯುತ್ತ, "ಸುಳ್ಳು ಹೇಳ್ತಿಲ್ಲ. ಬಿದ್ದದ್ದನ್ನ ಎತ್ತಿ ಇಟ್ಟೆ, ಅಷ್ಟೆ." ಟಾರ್ಪಾಲಿನ ಹನಿ ಬೀಳುತ್ತಿತ್ತು.

ಸಂಜೆ ಸೊಸೆ ಬಂದವಳು ಚಪ್ಪಲಿ ಬಿಟ್ಟು ನೇರ ನಡುಮನೆಗೆ ಹೋದಳು. ಅಜ್ಜಿ ಅಡುಗೆಮನೆಯಲ್ಲಿ ಬೇಳೆ ತೊಳೆಯುತ್ತಿದ್ದಳು. ಏಳನೆಯ ನೀರು ಚೆಲ್ಲುತ್ತಿದ್ದೇನೆಂದು ತನಗೇ ಗೊತ್ತಿರಲಿಲ್ಲ. ಒಳಗಿನಿಂದ ಸದ್ದಿಲ್ಲ. ಬಹಳ ಹೊತ್ತು ಸದ್ದಿಲ್ಲ. ಆಮೇಲೆ ಹಾಸಿಗೆ ಎಳೆದ ಸದ್ದು ಕೇಳಿತು.

"ಇದೇನೇ ಇದು?" ಅಷ್ಟರಲ್ಲಿ ಬಂದ ಮಗ ಕೇಳಿದ.

"ಸಾಸಿವೆ ಇನ್ಮೇಲೆ ನಮ್ಮ ಕೋಣೇಲಿ ಮಲಗಲಿ. ಸುಣ್ಣದ ಧೂಳಿಗೆ ಕೆಮ್ಮು ಹತ್ತಿದೆ."

"ನಾನು ಕೆಮ್ಮಲೇ ಇಲ್ಲ," ಎಂದಳು ಸಾಸಿವೆ.

"ಕೆಮ್ಮೋ ಮುಂಚೆನೇ ಔಷಧಿ ಕೊಡೋದು ನಮ್ಮ ಅಂಗಡಿ ಪದ್ಧತಿ. ನಡಿ." ಸೊಸೆ ದಿಂಬು ಕಂಕುಳಲ್ಲಿ ಹಿಡಿದು ಅಡುಗೆಮನೆಯ ಬಾಗಿಲಲ್ಲಿ ನಿಂತಳು. "ಅತ್ತೆ, ನೀವೂ ಇಲ್ಲೇ ಒಲೆ ಹತ್ತಿರ ಮಲಗಿ. ಬೆಚ್ಚಗಿರುತ್ತೆ. ಹಾಸಿ ಕೊಡ್ತೀನಿ."

"ಬೇಡಮ್ಮ. ನನಗೆ ಆ ಮಂಚವೇ ಸರಿ."

ಸೊಸೆ ಒಂದು ಗಳಿಗೆ ಅತ್ತೆಯ ಮುಖ ನೋಡಿದಳು. "ನಿಮ್ಮಿಷ್ಟ," ಎಂದು ಹೊರಟುಹೋದಳು.

ಮಗು ಆ ಗೋಡೆಯಿಂದ ಆಚೆ ಹೋಯಿತಲ್ಲ ಎಂದು ಅಜ್ಜಿಗೆ ಹಿಡಿದಿಟ್ಟ ಉಸಿರು ಬಿಟ್ಟಂತಾಯಿತು. ತಾನು ಮಂಚ ಬಿಟ್ಟರೆ ಮಾತ್ರ ಯಾಕೆಂದು ಕೇಳುತ್ತಾರೆ, ಕೇಳಿದರೆ ತನ್ನ ಮುಖವೇ ಹೇಳಿಬಿಡುತ್ತದೆ. ಹಾಗಾಗಿ ಬಿರುಕಿನ ಕೆಳಗೆ ಒಬ್ಬಳೇ ಉಳಿದಳು.

ಆಮೇಲಿನ ದಿನಗಳು ನೆಟ್ಟಗೆ ನಡೆಯಲಿಲ್ಲ. ಅಜ್ಜಿ ಅನ್ನಕ್ಕೆ ಎರಡು ಸಲ ಉಪ್ಪು ಹಾಕಿದಳು. ಒಂದು ದಿನ ಹಾಕಲೇ ಇಲ್ಲ. ಅಟ್ಟದ ಮೇಲೆ ಇಲಿ ಓಡಿದರೆ ಕೈಯಲ್ಲಿದ್ದದ್ದು ಕೆಳಗೆ ಬೀಳುತ್ತಿತ್ತು. ಬೀದಿಯಲ್ಲಿ ಲಾರಿ ಹೋದರೆ ಮೊದಲು ಗಾಜಿನ ಕಡೆ, ಆಮೇಲೆ ತೊಲೆಯ ಕಡೆ, ಆಮೇಲೆ ಮಗು ಎಲ್ಲಿದೆಯೆಂದು ನೋಡುತ್ತಿದ್ದಳು. ಸಾಸಿವೆ ಚೆಂಡು ಹಿಡಿದು ನಡುಮನೆಗೆ ಕಾಲಿಟ್ಟರೆ ಸಾಕು, "ಆಚೆ ಹೋಗು, ಆಚೆ ಹೋಗಿ ಆಡು" ಎಂದು ಗದರುತ್ತಿದ್ದಳು.

"ಅಜ್ಜಿಗೆ ಏನೋ ಆಗಿದೆ," ಎಂದಳು ಸಾಸಿವೆ ಊಟಕ್ಕೆ ಕೂತಾಗ. "ಗೋಡೆ ಜೊತೆ ಮಾತಾಡ್ತಾರೆ."

"ಏನಂತ ಮಾತಾಡ್ತಾಳೆ?" ಮಗ ತಟ್ಟೆಯಿಂದ ತಲೆಯೆತ್ತಿದ.

"ಒಂದು ವಾರ ತಾಳಪ್ಪ, ಒಂದು ವಾರ ತಾಳು ಅಂತ."

ಮಗ ನಕ್ಕ. ಸೊಸೆ ನಗಲಿಲ್ಲ. ಅನ್ನದಲ್ಲಿ ಬೆರಳಾಡಿಸುತ್ತ, "ಮೇಸ್ತ್ರಿ ಯಾವಾಗ ಬರ್ತಾರೆ?" ಎಂದು ಕೇಳಿದಳು.

"ಸುಣ್ಣ ಬಂದಾಗ."

"ಸುಣ್ಣ ಯಾವಾಗ ಬರುತ್ತೆ?"

"ಮೇಸ್ತ್ರಿ ಬಂದಾಗ. ನಿನಗ್ಯಾಕೆ ಅವಸರ? ಗಾಜು ನೆಟ್ಟಗಿದೆಯಲ್ಲ. ಅಮ್ಮ ದಿನಾ ಗೀಟು ಹಾಕ್ತಿದ್ದಾಳಲ್ಲ."

ಅಜ್ಜಿ ನೀರು ತರುವ ನೆಪದಲ್ಲಿ ಎದ್ದುಹೋದಳು.

ಗಾಜು ಬದಲಿಸಿದ ಒಂಬತ್ತನೆಯ ದಿನ. ಆ ದಿನ ಮಂಜಿರಲಿಲ್ಲ, ಬಿಸಿಲು ಚುರುಕಾಗಿತ್ತು. ಎಲ್ಲರೂ ಹೋದ ಮೇಲೆ ಅಜ್ಜಿ ಪೆನ್ಸಿಲ್ ಹಿಡಿದು ಗೋಡೆಯ ಮುಂದೆ ನಿಂತಳು. ಗಾಜಿನ ನಡುವೆ ಒಂದು ಗೆರೆ ಬಿಸಿಲಿಗೆ ಮಿಂಚಿತು. ಕೂದಲಿರಬೇಕೆಂದು ಊದಿದಳು. ಹೋಗಲಿಲ್ಲ. ಉಗುರಿನಿಂದ ಮುಟ್ಟಿದಳು. ಉಗುರು ಸಿಕ್ಕಿಕೊಂಡಿತು.

ಪೊರಕೆ ಹಿತ್ತಿಲ ಮೂಲೆಯಲ್ಲಿತ್ತು. ಆ ಗೋಡೆಯ ಹತ್ತಿರ ಅಂದಿನಿಂದ ಅಜ್ಜಿ ಪೊರಕೆಯನ್ನೇ ತಂದಿರಲಿಲ್ಲ.

ಆಗ ಹುಟ್ಟಿದ ಹೆದರಿಕೆಯೇ ಬೇರೆ. ಇಷ್ಟು ದಿನ ಸೊಸೆ ಹೋಗಿಬಿಡುತ್ತಾಳೆಂದು ಹೆದರಿದ್ದಳು. ಈಗ ಮನೆಯೇ ಹೋಗುತ್ತದೆಂದು, ಹೋಗುವಾಗ ಒಳಗಿದ್ದವರನ್ನು ಇಟ್ಟುಕೊಂಡು ಹೋಗುತ್ತದೆಂದು ಹೆದರಿದಳು. ಡಬ್ಬಿಯಲ್ಲಿ ಇನ್ನೂ ಮೂರು ಪಟ್ಟಿಗಳಿದ್ದವು. ಕಾಲು ಅಷ್ಟರಲ್ಲೇ ಮೆಟ್ಟಿಲ ಕಡೆಗೆ ಎರಡು ಹೆಜ್ಜೆ ಇಟ್ಟಿತ್ತು. ಅದು ತನ್ನದೇ ಕಾಲೆಂದು ತಿಳಿದಾಗ ಅಜ್ಜಿ ನಿಂತಳು. ಸಾಸಿವೆ ಶಾಲೆಯಿಂದ ಬರುವುದು ಮೂರೂವರೆಗೆ. ಬಂದವಳೇ ಚೀಲ ಎಸೆಯುವುದು ಈ ಮಂಚದ ಮೇಲೆ.

ಅಕ್ಕಿಡಬ್ಬಿಗೆ ಮೊಳಕೈವರೆಗೂ ಕೈ ಹಾಕಿ ಬಟ್ಟೆಯ ಗಂಟನ್ನು ಎತ್ತಿದಳು. ಶಾಲು ಹೊದ್ದು, ಬಾಗಿಲಿಗೆ ಬೀಗ ಹಾಕಿ ಹೊರಟಳು. ನಾಲ್ಕು ಬೀದಿ ನಾಲ್ಕು ಊರಿನಷ್ಟಾಯಿತು. ದಾರಿಯಲ್ಲಿ ತರಕಾರಿಯವಳು, "ಏನಮ್ಮ, ಇಷ್ಟು ಬೇಗ? ಸೊಪ್ಪು ಈಗ ತಾನೇ ಬಂತು," ಎಂದಳು. ಅಜ್ಜಿ ಅವಳ ಮುಖವನ್ನೇ ನೋಡಿ ಉತ್ತರ ಕೊಡದೆ ನಡೆದಳು.

ಮೇಸ್ತ್ರಿ ಶಾಲೆಯ ಗೋಡೆಗೆ ಕಟ್ಟಿದ ಸಾರುವೆಯ ಮೇಲೆ ಕೂತು ಗಾರೆ ಎಳೆಯುತ್ತಿದ್ದ. ಅವಳನ್ನು ಕಂಡವನೇ ಕರಣೆ ಕೆಳಗಿಟ್ಟ.

"ಒಡೀತಾ?"

"ಎರಡು ಸಲ."

"ಎರಡು ಸಲ ಹೇಗೆ ಒಡೆಯುತ್ತೆ ಅಮ್ಮಾ? ಹಾಕಿದ್ದು ಒಂದೇ ಗಾಜು."

ಅಜ್ಜಿ ಗಂಟು ಬಿಚ್ಚಿದಳು. ಇಳಿದು ಬಂದ ಮೇಸ್ತ್ರಿಗೆ ಪೊರಕೆ, ಡಬ್ಬಿ, ಪ್ಲಾಸ್ಟರ್, ತಾರೀಖು ಎಲ್ಲವನ್ನೂ ನಿಂತಲ್ಲೇ ಹೇಳಿದಳು. ಒಂದನ್ನೂ ನುಂಗಲಿಲ್ಲ. ಮೇಸ್ತ್ರಿ ಎರಡು ತುಂಡುಗಳನ್ನು ಬಿಸಿಲಿಗೆ ಹಿಡಿದು ಅಂಚಿಗೆ ಅಂಚು ಕೂಡಿಸಿದ.

"ಏಟು ಬಿದ್ದು ಒಡೆದ ಗಾಜು ಹೀಗಿರಲ್ಲ. ಏಟು ಬಿದ್ದ ಕಡೆ ಜೇಡರಬಲೆ ಹಾಗೆ ಸುತ್ತ ಬಿರುಕು ಬಿಡುತ್ತೆ. ಇದು ಎಳೆದು ಹರಿದದ್ದು. ಗೋಡೆ ಕೆಲಸ ಇದು, ನಿಮ್ಮ ಪೊರಕೇದಲ್ಲ." ಅವನು ತಲೆಯೆತ್ತಿದ. "ಆ ದಿನ ಬೆಳಗ್ಗೆ ಗೀಟು ಹಾಕಿದ್ರಾ?"

"ಹಾಕಿದ್ದೆ."

"ನೋಡಿ ಹಾಕಿದ್ರಾ?"

ಅಜ್ಜಿಗೆ ಆ ಬೆಳಗ್ಗೆ ಕಣ್ಣಮುಂದೆ ಬಂತು. ಗಾಜಿನ ಮೇಲೆ ಮಂಜು ಹಾಲಿನ ಕೆನೆಯ ಹಾಗೆ ಕಟ್ಟಿತ್ತು. ಒರೆಸಬೇಕಿತ್ತು. ಒಲೆಯ ಮೇಲೆ ಹಾಲಿತ್ತು, ಡಬ್ಬಿ ತುಂಬುವುದಿತ್ತು. ಹತ್ತು ದಿನ ಸರಿಯಿದ್ದದ್ದು ಹನ್ನೊಂದನೆಯ ದಿನವೂ ಸರಿಯೇ ಇರುತ್ತದೆಂದು ಕೈ ತಾನಾಗಿ ಗೀಟೆಳೆದಿತ್ತು.

"ಮಂಜಿತ್ತು," ಎಂದಳು. "ಒರೆಸ್ಲಿಲ್ಲ."

ಮೇಸ್ತ್ರಿ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. "ನಡೀರಿ," ಎಂದು ನಾಲ್ಕು ಆಸರೆ ಕಂಬಗಳನ್ನು ಕೈಗಾಡಿಗೆ ಹೇರಿಸಿ, ಮಗನಿಗೂ ಸೊಸೆಗೂ ಫೋನ್ ಮಾಡಿ, ಮುಂದೆ ಮುಂದೆ ನಡೆದ.

ಮೂರು ಗಂಟೆಯ ಹೊತ್ತಿಗೆ ನಡುಮನೆಯ ತೊಲೆಗೆ ಕಂಬಗಳು ನಿಂತಿದ್ದವು, ಅಜ್ಜಿಯ ಮಂಚ ಅಂಗಳದಲ್ಲಿತ್ತು. ಮಗ ಡಿಪೋದಿಂದ ಗ್ರೀಸಿನ ಕೈಯಲ್ಲೇ ಓಡಿಬಂದಿದ್ದ. ಸೊಸೆ ದಾರಿಯಲ್ಲಿ ಸಾಸಿವೆಯನ್ನು ಶಾಲೆಯಿಂದ ಕರೆದುಕೊಂಡು ಬಂದಳು. ನಡೆದದ್ದನ್ನು ಅಜ್ಜಿ ಎರಡನೆಯ ಸಲ ಹೇಳಿದಳು. ಮೊದಲನೆಯ ಸಲಕ್ಕಿಂತ ಇದು ಕಷ್ಟವಾಯಿತು.

"ನಿನಗೆ ಬುದ್ಧಿ ನೆಟ್ಟಗಿದೆಯಾ ಅಮ್ಮ?" ಮಗನ ದನಿ ಬೀದಿಗೆ ಕೇಳುವಂತಿತ್ತು. "ಒಂದು ಗಾಜು ನೋಡೋ ಕೆಲಸ. ಮೂರು ಜನಾನೂ ಮಣ್ಣು ಮಾಡ್ತಿದ್ದೆಯಲ್ಲ. ಒಂದು ಮಾತು ಹೇಳೋಕೆ ಏನಾಗಿತ್ತು ನಿನಗೆ?"

"ಹೇಳಿದ್ರೆ ಇವಳು ಹೋಗ್ತಿದ್ದಳು ಕಣೋ."

"ಹೋಗ್ಲಿ ಬಿಡು. ಸಾಯೋದಕ್ಕಿಂತ ಹೋಗೋದು ವಾಸಿ ಅಲ್ವಾ?"

ಸೊಸೆ ಗೋಡೆಗೆ ಒರಗಿ ನಿಂತವಳು, ಅದು ಯಾವ ಗೋಡೆಯೆಂದು ನೆನಪಾಗಿ, ಸರಿದು ನಿಂತಳು.

ಮೇಸ್ತ್ರಿ ಅಷ್ಟರಲ್ಲಿ ಹಿತ್ತಿಲಿಗೆ ಹೋಗಿ ಗೋಡೆಯ ಬುಡ ಅಗೆಯುತ್ತಿದ್ದ. ಒಂದು ಹಿಡಿ ಮಣ್ಣನ್ನು ತಂದು ಎಲ್ಲರ ಮುಂದೆ ಹಿಂಡಿದ. ನೀರು ತೊಟ್ಟಿಕ್ಕಿತು. ನೀರಿನಲ್ಲಿ ಸೋಪಿನ ವಾಸನೆ, ಅದರ ಹಿಂದೆ ಗ್ರೀಸಿನ ವಾಸನೆ.

"ಮಳೆ ಬಂದು ತಿಂಗಳಾಯ್ತು. ಈ ನೀರು ಎಲ್ಲಿಂದ ಬಂತು? ಇಲ್ಲಿ ಸ್ನಾನ ಮಾಡೋರು ಯಾರು?"

ಮಗ ಎರಡು ಹೆಜ್ಜೆ ಹಿಂದೆ ಸರಿದ.

"ಅಪ್ಪ," ಎಂದಳು ಸಾಸಿವೆ. "ಬೀದಿವರೆಗೂ ಬಕೆಟ್ ಹೊರೋಕೆ ಸೋಮಾರಿತನ. ನನಗೆ ಯಾರಿಗೂ ಹೇಳಬೇಡ ಅಂತ ಚಾಕ್ಲೇಟ್ ಕೊಟ್ಟಿದ್ದಾರೆ."

ಮಗ ಕೆಂಪಾಗಿ, ಆಮೇಲೆ ಬಿಳುಚಿ, ಕೊನೆಗೆ ತನ್ನ ಕೈಯ ಗ್ರೀಸನ್ನು ನೋಡುತ್ತ ನಿಂತ. ಬೀದಿಗೆ ಕೇಳುತ್ತಿದ್ದ ದನಿ ಎಲ್ಲಿ ಹೋಯಿತೋ.

ಸೊಸೆ ಒಳಗೆ ಹೋಗಿ ಅಟ್ಟದಿಂದ ಚೀಲ ಇಳಿಸಿದಳು. ಮಗುವಿನ ಬಟ್ಟೆ, ಪುಸ್ತಕ, ತನ್ನ ಎರಡು ಜೊತೆ. ಯಾರೂ ತಡೆಯಲಿಲ್ಲ. ತಡೆಯುವ ಬಾಯಿ ಯಾರಿಗಿತ್ತು? ಹೊಸ್ತಿಲಲ್ಲಿ ಅವಳು ಮೇಸ್ತ್ರಿಯನ್ನು ಕೇಳಿದಳು.

"ಎಷ್ಟು ದಿನ ಬೇಕು?"

"ಬುಡ ಒಣಗಬೇಕು. ಮೋರಿ ಆಗಬೇಕು. ಗೋಡೆ ಗೇಣು ಗೇಣು ಬಿಚ್ಚಿ ಕಟ್ಟಬೇಕು. ಹೆಚ್ಚು ಕಮ್ಮಿ ಒಂದು ತಿಂಗಳು. ಸೋಮವಾರ ಹೊಸ ಗಾಜು ಹಾಕ್ತೀನಿ."

"ಅದನ್ನ ನಾನು ನೋಡ್ತೀನಿ. ಅಂಗಡಿಗೆ ಹೋಗೋ ಮುಂಚೆ ದಿನಾ ಬರ್ತೀನಿ." ಅವಳು ಅತ್ತೆಯ ಮುಂದೆ ಕೈ ಚಾಚಿದಳು. "ಪೆನ್ಸಿಲ್ ಕೊಡಿ."

ಅಜ್ಜಿ ಕೊಟ್ಟಳು. ಅಷ್ಟು ಹಗುರದ ವಸ್ತು ಕೈಬಿಟ್ಟಾಗ ತೋಳೇ ಜೋತುಬಿದ್ದ ಹಾಗಾಯಿತು.

ಅಂದಿನಿಂದ ಮನೆಯಲ್ಲಿ ಇಬ್ಬರೇ. ಅಜ್ಜಿಗೆ ಒಲೆಯ ಪಕ್ಕ ಹಾಸಿಗೆ. ಮಗ ಸಂಜೆ ಡಿಪೋದಿಂದ ಬಂದವನೇ ಗುದ್ದಲಿ ಹಿಡಿಯುತ್ತಿದ್ದ. ಮೋರಿಯನ್ನು ಕೂಲಿಯವರಿಗೆ ಬಿಡಲಿಲ್ಲ. ಕತ್ತಲಾಗುವವರೆಗೂ ಅಗೆದು, ಬಕೆಟ್ಟಿನಲ್ಲಿ ನೀರು ಹಿಡಿದುಕೊಂಡು ಬೀದಿಗೇ ಹೋಗಿ ಚರಂಡಿಯ ಪಕ್ಕ ಕಾಲು ತೊಳೆದು ಬರುತ್ತಿದ್ದ. "ಏನಪ್ಪ, ಬೀದೀಲಿ ಸ್ನಾನ?" ಎಂದು ನೆರೆಯವರು ಕೇಳಿದರೆ, "ಮನೆಗೆ ನನ್ನ ಸ್ನಾನ ಆಗಿಬರಲಿಲ್ಲ," ಎನ್ನುತ್ತಿದ್ದ.

ತಾಯಿಗೂ ಮಗನಿಗೂ ಮಾತು ಕಮ್ಮಿಯಾಗಿತ್ತು. ಒಂದು ದಿನ ಉಣ್ಣುತ್ತ ಅವನೇ ಅಂದ.

"ಅಮ್ಮ, ಆವತ್ತು ಕೂಗಾಡಿದೆ."

"ಕೂಗಬೇಕಾದ್ದೇ. ಇನ್ನೊಂದಿಷ್ಟು ಅನ್ನ ಹಾಕ್ಲಾ?"

"ಹಾಕು. ಉಪ್ಪು ಸರಿಯಾಗಿದೆ ಇವತ್ತು."

ಸೊಸೆ ಹೇಳಿದಂತೆ ದಿನಾ ಬೆಳಗ್ಗೆ ಎಂಟಕ್ಕೆ ಬರುತ್ತಿದ್ದಳು. ಸಾಸಿವೆಯನ್ನು ಶಾಲೆಗೆ ಕಳಿಸುವುದನ್ನು ತನ್ನ ತಾಯಿಗೆ ಒಪ್ಪಿಸಿ ಬಂದು, ಚಪ್ಪಲಿ ಬಾಗಿಲಲ್ಲಿ ಬಿಟ್ಟು, ಕಂಬಗಳ ನಡುವೆ ಬಗ್ಗಿ ಗೋಡೆಯ ಹತ್ತಿರ ಹೋಗಿ ನೋಡಿ, ಗೀಟೆಳೆದು ಹೋಗುತ್ತಿದ್ದಳು. ಮೇಸ್ತ್ರಿ ಗೋಡೆಯನ್ನು ಹರಿದ ಬಟ್ಟೆ ಹೊಲಿಯುವವರ ಹಾಗೆ ಗೇಣು ಗೇಣಾಗಿ ಬಿಚ್ಚಿ, ಇಟ್ಟಿಗೆಗಳನ್ನು ಸುಣ್ಣದ ಗಾರೆಯಲ್ಲಿ ಕೂರಿಸುತ್ತ ಬರುತ್ತಿದ್ದ. ಅಜ್ಜಿ ದಿನಾ ಒಂದು ಲೋಟ ಚಹಾ ಮಾಡಿ ಅಡುಗೆಮನೆಯ ಕಟ್ಟೆಯ ಮೇಲೆ ಇಡುತ್ತಿದ್ದಳು. ಕುಡಿ ಎಂದು ಕರೆಯಲು ನಾಲಿಗೆ ಏಳುತ್ತಿರಲಿಲ್ಲ. ಸೊಸೆ ಅದನ್ನು ನೋಡಿಯೂ ನೋಡದ ಹಾಗೆ ಹೋಗುತ್ತಿದ್ದಳು. ಆರಿದ ಚಹಾವನ್ನು ಆಮೇಲೆ ಮೇಸ್ತ್ರಿ ಕುಡಿಯುತ್ತಿದ್ದ.

"ನನಗೆ ಅಂತಲೇ ಬಿಸಿದೊಂದು ಮಾಡಬಾರದಾ ಅಮ್ಮಾ?" ಎಂದ ಒಂದು ದಿನ.

"ನಿಮಗೆ ಹತ್ತು ಗಂಟೆಗೆ ಮಾಡ್ತೀನಲ್ಲಪ್ಪ."

"ಅದು ಸರಿ. ಎಂಟು ಗಂಟೇದು ಬೇರೆಯವರದ್ದು ಅಂತ ಗೊತ್ತು. ಕುಡಿಯೋವಾಗ ನನಗೇ ಕದ್ದ ಹಾಗಾಗುತ್ತೆ."

ಹದಿನೈದನೆಯ ಬೆಳಗ್ಗೆ ಅಜ್ಜಿ ಪಾತ್ರೆ ತೊಳೆದು ತಿರುಗಿದಾಗ ಲೋಟ ಖಾಲಿಯಾಗಿತ್ತು. ಮೇಸ್ತ್ರಿ ಇನ್ನೂ ಬಂದಿರಲಿಲ್ಲ. ಅಜ್ಜಿ ಆ ಲೋಟವನ್ನು ತೊಳೆಯಲು ಬಹಳ ಹೊತ್ತು ತೆಗೆದುಕೊಂಡಳು.

ಮೋರಿ ಮುಗಿಯಿತು. ಬುಡದ ಮಣ್ಣು ಹಿಂಡಿದರೆ ಪುಡಿಯಾಯಿತು. ಕಂಬಗಳು ಒಂದೊಂದಾಗಿ ಹೊರಗೆ ಹೋದವು. ಕೊನೆಯ ಕಂಬ ತೆಗೆದ ದಿನ ಅಜ್ಜಿ ಅಂಗಳಕ್ಕೆ ಹೋಗಿ ಬೆನ್ನು ಹಾಕಿ ನಿಂತಳು, ಏನೂ ಕೇಳದಿರಲೆಂದು ಎರಡೂ ಕಿವಿ ಮುಚ್ಚಿಕೊಂಡಳು. ಮಗ ಬಂದು ಕೈ ಬಿಡಿಸಬೇಕಾಯಿತು. "ನಿಂತಿದೆ ಅಮ್ಮ. ಬಾ ಒಳಗೆ." ಇನ್ನೊಂದು ವಾರ ಗಾಜು ನೋಡಿ ಕೆಲಸ ಮುಗಿಸೋಣವೆಂದು ಮೇಸ್ತ್ರಿ ಹೇಳಿದ.

ಆ ವಾರದ ನಡುವೆ ಒಂದು ಬೆಳಗ್ಗೆ, ಎಂಟಕ್ಕಿನ್ನೂ ಹೊತ್ತಿರುವಾಗಲೇ ಬಾಗಿಲಲ್ಲಿ ಸದ್ದಾಯಿತು. ಸಾಸಿವೆ ಮೊದಲು ನುಗ್ಗಿ, "ಅಪ್ಪ ತೋಡಿದ ಮೋರಿ ಎಲ್ಲಿ?" ಎಂದು ಹಿತ್ತಿಲಿಗೆ ಓಡಿದಳು. ಅವಳ ಹಿಂದೆ ಸೊಸೆ. ಕೈಯಲ್ಲಿ ಹೋದ ದಿನ ಒಯ್ದಿದ್ದ ಚೀಲ. ಅದನ್ನು ಮುಂದಿನ ಕೋಣೆಯೊಳಕ್ಕೆ ಸರಿಸಿ, ಅಡುಗೆಮನೆಗೆ ಬಂದು, ಕಟ್ಟೆಯ ಮೇಲಿನ ಲೋಟ ತೆಗೆದುಕೊಂಡು ಅತ್ತೆಯ ಎದುರು ನೆಲದ ಮೇಲೆಯೇ ಕೂತಳು. ಹಿತ್ತಿಲಲ್ಲಿ ಅಪ್ಪ ಮಗಳು ಮೋರಿಯಲ್ಲಿ ಕಾಗದದ ದೋಣಿ ಬಿಡುವ ಗಲಾಟೆ ಕೇಳುತ್ತಿತ್ತು.

"ಅತ್ತೆ, ಆ ತಾರೀಖಿನ ಏಳು ನೀವು ಬರೆದದ್ದು ಅಂತ ನನಗೆ ಆವತ್ತು ಸಂಜೇನೇ ಗೊತ್ತಾಗಿತ್ತು."

ಅಜ್ಜಿ ತಲೆಯೆತ್ತಿದಳು.

"ಮೇಸ್ತ್ರಿ ಗೀಟು ಒಂದೇ ಎಳೆತದ್ದು. ನಿಮ್ಮದು ನಡುಗಿತ್ತು. ದಿನಕ್ಕೆ ನೂರು ಚೀಟಿ ಓದ್ತೀನಿ ನಾನು."

"ಮತ್ತೆ ಯಾಕಮ್ಮ ಸುಮ್ಮನಿದ್ದೆ?"

"ಹೇಳಿದ್ರೆ ಹೋಗಬೇಕಾಗ್ತಿತ್ತು. ಹಾಗಂತ ನಾನೇ ಬಾಯಿಬಿಟ್ಟು ಹೇಳಿದ್ದೆನಲ್ಲ. ಮತ್ತೆ ನಾಲ್ಕು ತಿಂಗಳು ಅಮ್ಮನ ಮನೇಲಿ, ಅತ್ತಿಗೆ ಅಡುಗೆಮನೇಲಿ..." ಅವಳು ಲೋಟವನ್ನು ನೆಲದ ಮೇಲೆ ತಿರುಗಿಸಿದಳು. "ನೀವೇ ಎಡವಿ ಒಡೆದಿರಬೇಕು ಅಂದ್ಕೊಂಡೆ. ಹಾಗಂದ್ಕೊಳ್ಳೋದು ಸುಲಭ ಇತ್ತು. ಆದ್ರೂ ಮಗುನ ಮಾತ್ರ ಆಚೆ ಎಳ್ಕೊಂಡೆ. ನಿಮ್ಮನ್ನ ಒಂದು ಸಲ ಕರೆದೆ. ನೀವು ಬೇಡ ಅಂದ್ರಿ. ಅಲ್ಲೇ ಬಿಟ್ಟುಬಿಟ್ಟೆ. ಒಂಬತ್ತು ದಿನ, ಆ ಗೋಡೆ ಕೆಳಗೆ."

ಒಲೆಯ ಮೇಲಿನ ಗಂಜಿ ಕುದಿಯುತ್ತಿತ್ತು. ಅಜ್ಜಿ ಕೈ ಚಾಚಿ ಉರಿ ತಗ್ಗಿಸಿದಳು.

"ಚಳಿ ಇತ್ತು ಅಲ್ಲಿ," ಎಂದಳು ಕೊನೆಗೆ. "ಒಲೆ ಪಕ್ಕವೇ ವಾಸಿ."

ಸೊಸೆಯ ತುಟಿಯಲ್ಲಿ ನಗು ಬಂತೋ ಅಳು ಬಂತೋ, ಅವಳು ಮುಖ ಆ ಕಡೆ ತಿರುಗಿಸಿದ್ದಳು. ಆಮೇಲೆ ಎದ್ದು, ಕೈಚೀಲದ ಸಣ್ಣ ಜೇಬಿನಿಂದ ಚಪ್ಪಟೆ ಪೆನ್ಸಿಲನ್ನು ತೆಗೆದಳು. ಅದರ ತುದಿಯನ್ನು ಹೊಸದಾಗಿ ಕೆತ್ತಿಟ್ಟಿದ್ದಳು.

"ಇವತ್ತು ಗಾಜು ನಾನು ನೋಡಿಲ್ಲ," ಎಂದಳು. ಅತ್ತೆಯ ಒದ್ದೆ ಕೈಯನ್ನು ತನ್ನ ಶಾಲಿನ ತುದಿಯಿಂದ ಒರೆಸಿ, ಬೆರಳು ಬಿಡಿಸಿ, ಪೆನ್ಸಿಲನ್ನು ಅಂಗೈಯಲ್ಲಿಟ್ಟು ಮುಚ್ಚಿದಳು.